ನೋಯದ ಹಲ್ಲನ್ನೂ ತೋರಿಸಿ

ಹಾಲುಹಲ್ಲು ಏಕೆ ಬೀಳುತ್ತದೆಂದು ತರಗತಿಯಲ್ಲಿ ಕೇಳಿದರೆ, ಕೆಳಗಿನ ಹೊಸ ಹಲ್ಲು ಅದನ್ನು ತಳ್ಳುತ್ತದೆ ಎಂದೇ ಮಕ್ಕಳು ಉತ್ತರಿಸುತ್ತಿದ್ದರು. ಅದು ಬರಿಯ ತಳ್ಳಾಟವಲ್ಲ. ದೇಹದ ಕೆಲವು ಜೀವಕೋಶಗಳು ಹಾಲುಹಲ್ಲಿನ ಬೇರನ್ನು ಮೆಲ್ಲಮೆಲ್ಲನೆ ಕರಗಿಸುತ್ತವೆ. ಬಿದ್ದ ಹಾಲುಹಲ್ಲಿಗೆ ಬೇರು ಕಾಣದಿರುವುದು ಇದರಿಂದಲೇ. ಬಾಲ್ಯದಲ್ಲಿ ಉಪಕಾರಿಯಾದ ಈ ಕ್ರಿಯೆ ಶಾಶ್ವತ ಹಲ್ಲಿನಲ್ಲಿ ತೊಡಗಿದರೆ ಅದು ರೋಗ.

ಇದು ಹುಳುಕಲ್ಲ. ಹುಳುಕಿಗೆ ಬ್ಯಾಕ್ಟೀರಿಯಾಗಳ ಆಮ್ಲ ಕಾರಣ. ಇಲ್ಲಿ ನಮ್ಮ ಜೀವಕೋಶಗಳೇ ಹಲ್ಲನ್ನು ತಿನ್ನುತ್ತವೆ. ಹಿಂದೆಂದೋ ಬಿದ್ದ ಪೆಟ್ಟು, ಹಲ್ಲು ಸಾಲುಗೂಡಿಸಲು ಹಾಕಿಸಿದ ತಂತಿ ಇದಕ್ಕೆ ಕಾರಣವಾಗಬಹುದು. ಎಷ್ಟೋ ವೇಳೆ ಕಾರಣ ತಿಳಿಯುವುದೇ ಇಲ್ಲ. ಆರಂಭದಲ್ಲಿ ಸಾಮಾನ್ಯವಾಗಿ ನೋವೂ ಇರುವುದಿಲ್ಲ. ವಸಡಿನಂಚಿನಲ್ಲಿ ನಸುಗೆಂಪು ಚುಕ್ಕೆಯೊಂದು ಕಂಡೀತು, ಇಲ್ಲವೇ ಬೇರಾವುದಕ್ಕೋ ತೆಗೆಸಿದ ಎಕ್ಸ್‌-ರೇಯಲ್ಲಿ ಸಿಕ್ಕಿಬಿದ್ದೀತು.

‘ನೋವಿಲ್ಲವಲ್ಲ, ಆಮೇಲೆ ನೋಡೋಣ’ ಎನ್ನುವ ನಮ್ಮವರ ಉದಾಸೀನವೂ, ‘ಕೀಳಿಸಿ ಇಂಪ್ಲಾಂಟ್ ಹಾಕಿಸಿಬಿಡಿ’ ಎನ್ನುವ ಅವಸರವೂ ನನಗೆ ಒಪ್ಪಿಗೆಯಿಲ್ಲ. ವಸಡಿನ ಬಳಿ ತೊಡಗಿದ ಕರಗುವಿಕೆಗೆ ಚಿಕಿತ್ಸೆಯಿದೆ. ಮರಗಟ್ಟಿಸಿ, ವಸಡನ್ನು ಬಿಡಿಸಿ ಮೇಲೆತ್ತಿ, ಹಲ್ಲನ್ನು ಕೊರೆದ ಮೆತ್ತನೆಯ ಊತಕವನ್ನು ಕೆರೆದು ತೆಗೆದು, ಕುಳಿಯನ್ನು ಗ್ಲಾಸ್ ಅಯನೋಮರ್‌ನಂತಹ ವಸ್ತುವಿನಿಂದ ತುಂಬಿ, ಹೊಲಿಗೆ ಹಾಕುತ್ತಾರೆ. ಹಲ್ಲಿನ ತಿರುಳು ತೆರೆದುಕೊಂಡಿದ್ದರೆ ರೂಟ್ ಕೆನಾಲ್ ಕೂಡ ಬೇಕು. ಆಸ್ಟ್ರೇಲಿಯಾದ ದಂತತಜ್ಞ ಜೆಫ್ರಿ ಹೀದರ್ಸೇ ಈ ರೋಗವನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದರು. ಊತಕಕ್ಕೆ ಆಮ್ಲ ಹಚ್ಚಿ ತೆಗೆಯುವ ತಮ್ಮ ವಿಧಾನದ ಫಲಿತಾಂಶವನ್ನು ಅವರು 1999ರಲ್ಲಿ ಪ್ರಕಟಿಸಿದರು: ಮೊದಲೆರಡು ಹಂತಗಳಲ್ಲಿ ಎಲ್ಲ ಹಲ್ಲುಗಳೂ ಗುಣವಾಗಿದ್ದವು, ಮೂರನೆಯದರಲ್ಲಿ ಶೇಕಡಾ 78ರಷ್ಟು, ನಾಲ್ಕನೆಯದರಲ್ಲಿ ಕೇವಲ 12.5. ಆದ್ದರಿಂದ ನಾಲ್ಕನೆಯ ಹಂತದಲ್ಲಿ ವೈದ್ಯರು ಕೀಳಿಸಲು ಹೇಳಿದರೆ ಅದು ಪ್ರಾಮಾಣಿಕ ಸಲಹೆಯೇ. ಎರಡನೆಯ ಹಂತದಲ್ಲಿ ಹೇಳಿದರೆ ಮಾತ್ರ ಇನ್ನೊಬ್ಬರನ್ನು ಕೇಳಿ. ಮೂರು ಆಯಾಮದ ಸ್ಕ್ಯಾನ್ ಬೇಕೇ ಎಂದೂ ವಿಚಾರಿಸಿ.

ಹದಿನೈದರ ಹುಡುಗನ ವಿಷಯದಲ್ಲಿ ಇದು ಇನ್ನೂ ಮುಖ್ಯ. ದವಡೆಯ ಬೆಳವಣಿಗೆ ಮುಗಿಯುವವರೆಗೆ ಇಂಪ್ಲಾಂಟ್ ಹಾಕುವುದಿಲ್ಲ. ಕಳೆದುಹೋದ ಮುಂಬಲ್ಲಿಗೆ ಅಷ್ಟು ವರ್ಷ ತಾತ್ಕಾಲಿಕ ಏರ್ಪಾಡೇ ಗತಿ.

ನಿಮ್ಮಲ್ಲಿ ಅನೇಕರು ಈಗ ಶಿಕ್ಷಕರು, ಅವರಿಗೊಂದು ಮಾತು. ಆಟದ ಬಯಲಿನಲ್ಲಿ ಮಗುವಿನ ಶಾಶ್ವತ ಹಲ್ಲು ಬುಡಸಮೇತ ಕಿತ್ತುಬಂದರೆ ಬೇರನ್ನು ಮುಟ್ಟದೆ, ಉಜ್ಜದೆ, ಕರವಸ್ತ್ರದಲ್ಲಿ ಸುತ್ತದೆ, ತಣ್ಣನೆಯ ಹಾಲಿನಲ್ಲಿಟ್ಟು ತಕ್ಷಣ ದಂತವೈದ್ಯರಲ್ಲಿಗೆ ಒಯ್ಯಿರಿ. ಒಣಗಿದರೆ ಬೇರಿನ ಮೇಲಿನ ಜೀವಕೋಶಗಳು ಸಾಯುತ್ತವೆ. ಮರಳಿ ಕೂರಿಸಿದರೂ ಆ ಬೇರನ್ನು ಮೂಳೆ ಮೆಲ್ಲಗೆ ಆಕ್ರಮಿಸಿಕೊಳ್ಳುತ್ತದೆ. ಆ ಬಗೆಯ ಕರಗುವಿಕೆಯನ್ನು ಯಾವ ಶಸ್ತ್ರಚಿಕಿತ್ಸೆಯೂ ತಡೆಯಲಾರದು.