ಲೆಕ್ಕಕ್ಕೆ ಬಾರದ ನಷ್ಟ

ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚಾಗಿ 60 ದಾಟಿದ ಗಂಡಸರಿಗೆ ಬರುವ ರೋಗ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ನಡೆದುಬಂದಿರುವ ಕ್ಯಾನ್ಸರ್ ನೋಂದಣಿಯನ್ನು ನೋಡಿದರೆ, ಆ ನಗರದ ಪುರುಷರನ್ನು ಕಾಡುವ ಮೊದಲ ಕೆಲವು ಕ್ಯಾನ್ಸರ್‌ಗಳ ಸಾಲಿಗೆ ಇದೂ ಬಂದು ನಿಂತಿರುವುದು ಕಾಣುತ್ತದೆ. ಎಷ್ಟು ಜನರಿಗೆ ರೋಗ ಬಂತು, ಎಷ್ಟು ಜನ ತೀರಿಕೊಂಡರು ಎಂಬ ಲೆಕ್ಕ ಅಲ್ಲಿದೆ. ಬದುಕುಳಿದವರ ದಾಂಪತ್ಯ ಏನಾಯಿತು ಎಂಬ ಲೆಕ್ಕ ಇಂಥ ಕಡತಗಳಲ್ಲಿ ಇರುವುದಿಲ್ಲ. ಗ್ರಂಥಿಯನ್ನು ತೆಗೆಯುವ ಶಸ್ತ್ರಚಿಕಿತ್ಸೆ, ವಿಕಿರಣ, ಹಾರ್ಮೋನು ತಡೆ ಇವು ಮೂರೂ ಲೈಂಗಿಕ ಸಾಮರ್ಥ್ಯವನ್ನು ಒಂದಲ್ಲ ಒಂದು ಬಗೆಯಲ್ಲಿ ಕುಗ್ಗಿಸುತ್ತವೆ. ಎಷ್ಟು ಕುಗ್ಗಿತು, ಯಾವಾಗ, ಎಷ್ಟು ಕಾಲ ಎಂಬುದನ್ನು ಅಳೆದು ಬರೆದಿಡಬೇಕೆಂಬುದು ನನ್ನ ವಾದ. ವಿಷಯ ಮುಜುಗರದ್ದೆಂದು ಓದುಗರು ಪುಟ ಮಗುಚಬಾರದೆಂದು ಕೋರುತ್ತೇನೆ.

ಅಳೆಯುವ ಸಾಧನಗಳು ಇಲ್ಲವೆಂದಲ್ಲ. ಕಳೆದ 4 ವಾರಗಳ ಅನುಭವವನ್ನು 15 ಪ್ರಶ್ನೆಗಳಲ್ಲಿ ಕೇಳುವ ಅಂತರರಾಷ್ಟ್ರೀಯ ಪ್ರಶ್ನಾವಳಿಯೊಂದು 1997ರಲ್ಲಿ ಪ್ರಕಟವಾಯಿತು. ಅಮೆರಿಕದ ಮಿಷಿಗನ್‌ನಲ್ಲಿ ಈ ರೋಗಿಗಳಿಗೆಂದೇ ರೂಪಿಸಿದ 'ಎಪಿಕ್' ಎಂಬ ಪ್ರಶ್ನಾವಳಿ 2000ದಲ್ಲಿ ಬಂತು. ಇದು 0ಯಿಂದ 100ರವರೆಗೆ ಅಂಕ ಕೊಡುತ್ತದೆ. ಸಾಮರ್ಥ್ಯ ಎಷ್ಟಿದೆ ಎಂಬುದನ್ನೂ ಅದರ ಕೊರತೆ ಎಷ್ಟು ಬಾಧಿಸುತ್ತಿದೆ ಎಂಬುದನ್ನೂ ಬೇರೆ ಬೇರೆಯಾಗಿ ಕೇಳುತ್ತದೆ. ಸಾಮರ್ಥ್ಯ ಪೂರ್ತಿ ಹೋಗಿದ್ದರೂ ನಿಶ್ಚಿಂತೆಯಾಗಿರುವವರಿದ್ದಾರೆ, ಅಲ್ಪ ಕೊರತೆಗೇ ಕುಸಿದು ಕೂತವರೂ ಇದ್ದಾರೆ.

ಒಮ್ಮೆ ಕೇಳಿ ಬಿಟ್ಟರೆ ಸಾಲದು. ಬ್ರಿಟನ್ನಿನಲ್ಲಿ 1,643 ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿ, ಒಂದಕ್ಕೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ವಿಕಿರಣ, ಮತ್ತೊಂದಕ್ಕೆ ನಿಗಾ ಮಾತ್ರ ಎಂದು ಗೊತ್ತುಮಾಡಿದ ಅಧ್ಯಯನದ ಅಂಕಿಗಳು 2016ರಲ್ಲಿ ಹೊರಬಂದವು. ಆರಂಭದಲ್ಲಿ 100ಕ್ಕೆ 67 ಮಂದಿಗೆ ಸಂಭೋಗಕ್ಕೆ ಸಾಕಾಗುವಷ್ಟು ನಿಮಿರುವಿಕೆ ಇತ್ತು. 6 ತಿಂಗಳಿಗೆ ಅದು ಶಸ್ತ್ರಚಿಕಿತ್ಸೆಯವರಲ್ಲಿ 12ಕ್ಕೆ, ವಿಕಿರಣದವರಲ್ಲಿ 22ಕ್ಕೆ, ನಿಗಾದವರಲ್ಲಿ 52ಕ್ಕೆ ಇಳಿಯಿತು. 6 ವರ್ಷಕ್ಕೆ ನೋಡಿದರೆ 17, 27 ಮತ್ತು 30. ವಿಕಿರಣದ ಜೊತೆ ಕೆಲವು ತಿಂಗಳು ಹಾರ್ಮೋನು ತಡೆಯನ್ನೂ ಕೊಟ್ಟಿದ್ದರಿಂದ ಆ ಗುಂಪು ಮೊದಲು ಹೆಚ್ಚು ಕುಸಿದು ಆಮೇಲೆ ತುಸು ಚೇತರಿಸಿಕೊಂಡಿತು. ನಿಗಾದವರಲ್ಲಿ ಅನೇಕರು ಮುಂದೆ ಚಿಕಿತ್ಸೆಗೆ ಹೋದರು, ವಯಸ್ಸೂ ಏರಿತು. 15 ವರ್ಷಗಳ ಫಲಿತಾಂಶ 2023ರಲ್ಲಿ ಬಂದಾಗ ಮೂರು ಗುಂಪಿನಲ್ಲೂ ಈ ರೋಗದಿಂದ ಸತ್ತವರು 100ಕ್ಕೆ ಸುಮಾರು 3 ಮಂದಿ. ಸಾವಿನ ಲೆಕ್ಕದಲ್ಲಿ ವ್ಯತ್ಯಾಸವಿಲ್ಲದಿದ್ದಾಗ ಬದುಕಿನ ಲೆಕ್ಕವೇ ಆಯ್ಕೆಗೆ ಆಧಾರವಾಗಬೇಕಲ್ಲವೆ? 1994–95ರಲ್ಲಿ ರೋಗ ಪತ್ತೆಯಾದ ಅಮೆರಿಕನ್ನರನ್ನು 15 ವರ್ಷ ಹಿಂಬಾಲಿಸಿದ ಇನ್ನೊಂದು ಅಧ್ಯಯನದಲ್ಲಿ 2 ಮತ್ತು 5ನೇ ವರ್ಷದಲ್ಲಿ ಶಸ್ತ್ರಚಿಕಿತ್ಸೆಯವರ ಸ್ಥಿತಿ ವಿಕಿರಣದವರಿಗಿಂತ ಕೆಟ್ಟದಾಗಿತ್ತು. 15ನೇ ವರ್ಷಕ್ಕೆ ಗಮನಾರ್ಹ ಅಂತರವೇ ಉಳಿದಿರಲಿಲ್ಲ. ಯಾವ ವರ್ಷ ಕೇಳಿದಿರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಅರ್ಥಶಾಸ್ತ್ರ ಓದಿದವರಿಗೆ ಇದು ಹೊಸದಲ್ಲ. ಆಧಾರ ವರ್ಷವಿಲ್ಲದ ಬೆಲೆ ಸೂಚ್ಯಂಕಕ್ಕೆ ಅರ್ಥವಿಲ್ಲ. ಚಿಕಿತ್ಸೆಗೆ ಮುನ್ನ ಕೇಳದೆ, ಎರಡು ವರ್ಷದ ಮೇಲೆ 'ಮೊದಲು ಹೇಗಿತ್ತು' ಎಂದು ನೆನಪಿನಿಂದ ಹೇಳಿಸಿದರೆ ಆ ಉತ್ತರವನ್ನು ನೆಚ್ಚಲಾಗದು.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕೂ ತಾಲ್ಲೂಕುಗಳು ಸೇರಿದ ಪಾಂಡವಪುರ ಉಪವಿಭಾಗದಲ್ಲಿ ನಾನು ಕೆಲಕಾಲ ಅಧಿಕಾರಿಯಾಗಿದ್ದೆ. ಗದ್ದೆಯ ಬದುವಿನ ಮೇಲೆ ನಿಂತು ಕಣ್ಣಳತೆಯಲ್ಲಿ 'ಇಷ್ಟು ಆಣೆ ಬೆಳೆ' ಎಂದು ಬರೆಯುವುದಕ್ಕೂ, ಗೊತ್ತುಪಡಿಸಿದ ತುಂಡನ್ನು ಕೊಯ್ದು ಬಡಿದು ತೂಗಿ ಬರೆಯುವುದಕ್ಕೂ ಎಷ್ಟು ಅಂತರ ಬರುತ್ತದೆಂಬುದು ಕಂದಾಯ ಇಲಾಖೆಯವರಿಗೆಲ್ಲ ಗೊತ್ತು. ರೋಗಿಯ ಸ್ಥಿತಿಯನ್ನು ವೈದ್ಯರು ಅಂದಾಜಿಸುವುದು ಆಣೆವಾರಿಯಂತೆಯೇ. ಅವರ ಅಂದಾಜನ್ನು ರೋಗಿಗಳ ಸ್ವಂತ ಉತ್ತರದೊಂದಿಗೆ ಹೋಲಿಸಿದ ಅಧ್ಯಯನಗಳಲ್ಲಿ ವೈದ್ಯರು ತೊಂದರೆಯನ್ನು ಕಡಿಮೆಯಾಗಿಯೇ ಕಂಡಿದ್ದರು.

ಆದರೆ ಪರದೇಶದ ಪ್ರಶ್ನಾವಳಿಯನ್ನು ಕನ್ನಡ ಮಾಡಿದಾಕ್ಷಣ ಅದು ನಾಗಮಂಗಲದ ಬೆದ್ದಲು ರೈತನಿಗೆ ಒಪ್ಪುವುದಿಲ್ಲ. 1997ರ ಪ್ರಶ್ನಾವಳಿಯಲ್ಲಿ 'ಪ್ರಯತ್ನಿಸಲಿಲ್ಲ' ಎಂದರೆ ಸೊನ್ನೆ ಅಂಕ. ಹೆಂಡತಿ ತೀರಿಕೊಂಡವನಿಗೂ ಸೊನ್ನೆ, ಮೊಮ್ಮಕ್ಕಳ ನಡುವೆ ಪಡಸಾಲೆಯಲ್ಲಿ ಮಲಗುವ ಅಜ್ಜನಿಗೂ ಸೊನ್ನೆ. ಶಬರಿಮಲೆ ವ್ರತ 41 ದಿನ. ಪ್ರಶ್ನಾವಳಿ ಕೇಳುವ 4 ವಾರಗಳು ಮಾಲೆ ಧರಿಸಿದ ಕಾಲದೊಳಗೇ ಬಿದ್ದರೆ ಭಕ್ತಿಯೂ ರೋಗವೆಂದು ದಾಖಲಾದೀತು! ನಮ್ಮವರು 'ಶಕ್ತಿ ಕಮ್ಮಿಯಾಗಿದೆ' ಎಂದರೆ ಅದು ಮೈಸುಸ್ತೂ ಆಗಬಹುದು, ಈ ಕೊರತೆಯೂ ಆಗಬಹುದು. ಓದು ಬಾರದವರಿಗೆ ಯಾರಾದರೂ ಓದಿ ಹೇಳಲೇಬೇಕು. ಆಸ್ಪತ್ರೆಗೆ ಜೊತೆಗೆ ಬಂದ ಸೊಸೆಯ ಎದುರಿಗೆ ಯಾವ ಮಾವ ಉತ್ತರಿಸಿಯಾನು? ಬೇರೆ ಕೋಣೆ ಬೇಕು, ಕೇಳುವವನು ಗಂಡಸಾಗಿರಬೇಕು, ಮನೆಯವರು ಹೊರಗಿರಬೇಕು. ಹೆಂಡತಿಯನ್ನೂ ಕೇಳುವುದಾದರೆ ಬೇರೆಯಾಗಿ, ಹೆಣ್ಣುಮಗಳೊಬ್ಬಳ ಮೂಲಕ ಕೇಳಬೇಕು.

ನಮ್ಮಲ್ಲಿ ಬಹಳಷ್ಟು ಮಂದಿ ಆಸ್ಪತ್ರೆ ತಲುಪುವ ವೇಳೆಗೆ ರೋಗ ಮೂಳೆಗೆ ಹರಡಿರುತ್ತದೆ. ಆಗ ಗಂಡಸಿನ ಹಾರ್ಮೋನನ್ನು ತಡೆಯುವುದೇ ಮುಖ್ಯ ಚಿಕಿತ್ಸೆ. 1941ರಲ್ಲಿ ಚಾರ್ಲ್ಸ್ ಹಗಿನ್ಸ್ ತೋರಿಸಿಕೊಟ್ಟ ಈ ಮಾರ್ಗಕ್ಕೆ 1966ರಲ್ಲಿ ನೊಬೆಲ್ ಬಂತು. ತಿಂಗಳಿಗೋ ಮೂರು ತಿಂಗಳಿಗೋ ಒಂದು ಚುಚ್ಚುಮದ್ದು ಕೊಡಬಹುದು; ಇಲ್ಲವೇ ಒಮ್ಮೆಗೇ ವೃಷಣಗಳನ್ನು ತೆಗೆಯಬಹುದು. ರೋಗ ತಡೆಯುವುದರಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಚುಚ್ಚುಮದ್ದು ನಿಲ್ಲಿಸಿದರೆ ಕೆಲವರಲ್ಲಿ ಹಾರ್ಮೋನು ಮರಳುತ್ತದೆ, ಶಸ್ತ್ರಚಿಕಿತ್ಸೆಯ ಮೇಲೆ ಮರಳುವ ಮಾತಿಲ್ಲ. ಬಡವನಿಗೆ ಎರಡನೆಯದೇ ಅಗ್ಗ, ಓಡಾಟವೂ ಉಳಿಯುತ್ತದೆ. ಎಷ್ಟೋ ಜನರಿಗೆ ಅದೇ ಸರಿಯಾದ ಆಯ್ಕೆ ಇರಬಹುದು. ಹಳ್ಳಿಕಾರ್ ಹೋರಿಗಳಿಗೆ ಬೀಜ ಒಡೆಸಿದ ರೈತನಿಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಅವನನ್ನು ಕೇಳಿದರೇ ಎಂಬುದಷ್ಟೇ ನನ್ನ ಪ್ರಶ್ನೆ. ಈ ವಯಸ್ಸಿನಲ್ಲಿ ಅದೆಲ್ಲ ಏಕೆ ಎಂಬ ಮಾತನ್ನು ಮಗನೋ ವೈದ್ಯನೋ ಆಡಿ ಮುಗಿಸುವಂತಿಲ್ಲ. ಸರ್ಕಾರದ ಧೋರಣೆಯೂ ಇದಕ್ಕಿಂತ ಬೇರೆಯಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪುರುಷರನ್ನು ಪ್ರಶ್ನಿಸುವುದು 54ನೇ ವಯಸ್ಸಿನವರೆಗೆ ಮಾತ್ರ.

ಈ ತಾಲ್ಲೂಕುಗಳ ಇನ್ನೊಂದು ತೊಡಕು ದಾರಿಯದು. ಶ್ರೀರಂಗಪಟ್ಟಣದವರು ಮೈಸೂರಿಗೆ ಹೋಗುತ್ತಾರೆ, ನಾಗಮಂಗಲದವರು ಬೆಳ್ಳೂರಿನ ಆಸ್ಪತ್ರೆಗೋ ಬೆಂಗಳೂರಿಗೋ, ಕೆ.ಆರ್. ಪೇಟೆಯಿಂದ ಮುಂಬೈ ಸೇರಿದವರ ತಂದೆಯಂದಿರಿಗೆ ಕೆಲವೊಮ್ಮೆ ಮಗನ ಊರೇ ಆಸ್ಪತ್ರೆಯ ಊರು. ಪತ್ತೆ ಒಂದೆಡೆ, ವಿಕಿರಣ ಇನ್ನೊಂದೆಡೆ, ಚುಚ್ಚುಮದ್ದು ಮತ್ತೊಂದೆಡೆ. ಹೀಗಿರುವಾಗ ಆಸ್ಪತ್ರೆಯ ಕಡತ ಮನುಷ್ಯನನ್ನು ಹಿಂಬಾಲಿಸಲಾರದು. ನಡುವೆ ಕೈಬಿಟ್ಟು ಹೋಗುವವರು ಹೆಚ್ಚಾಗಿ ತೀರ ಕಷ್ಟದಲ್ಲಿರುವವರಾದ್ದರಿಂದ ಉಳಿದವರ ಸರಾಸರಿ ಇದ್ದುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಗರ್ಭಿಣಿಯರಿಗೆ ನಮ್ಮ ರಾಜ್ಯದಲ್ಲಿ ತಾಯಿ ಕಾರ್ಡ್ ಇದೆ. ಯಾವ ಆಸ್ಪತ್ರೆಗೆ ಹೋದರೂ ಅದು ಆಕೆಯ ಕೈಯಲ್ಲೇ ಇರುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಈ ಕ್ಯಾನ್ಸರಿನ ಚಿಕಿತ್ಸೆಗೆ ಹಣ ಕೇಳುವ ಆಸ್ಪತ್ರೆಗಳು ಅಂಥದೇ ಒಂದು ಕಾರ್ಡನ್ನು ರೋಗಿಗೆ ಕೊಡಬೇಕೆಂದು ಸರ್ಕಾರ ಷರತ್ತು ಹಾಕಬಹುದು. ಮೊದಲ ಅಂಕ ಚಿಕಿತ್ಸೆಗೆ ಮುನ್ನ, ಎರಡನೆಯದು 6 ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ, 10 ವರ್ಷದವರೆಗೆ. ಸಾಮರ್ಥ್ಯಕ್ಕೊಂದು ಸಾಲು, ಬಾಧೆಗೊಂದು ಸಾಲು, ಸಂಗಾತಿ ಇದ್ದಾರೋ ಇಲ್ಲವೋ ಎಂಬುದಕ್ಕೊಂದು ಗುರುತು. ಮನೆಯ ಗೂಡಿನಲ್ಲಿ ಪಡಿತರ ಚೀಟಿಯ ಜೊತೆ ಇಡುವ ಕಾಗದವಾದ್ದರಿಂದ ಅದರ ಮೇಲೆ ಪ್ರಶ್ನೆಗಳನ್ನಾಗಲಿ ರೋಗದ ಹೆಸರನ್ನಾಗಲಿ ಅಚ್ಚು ಹಾಕಿಸದೆ ಬರೀ ಅಂಕಿಗಳಿಗೆ ಜಾಗ ಬಿಟ್ಟರೆ ಸಾಕು.