ಮಗ್ಗ ಹೊಸದಾದರೆ ಕಂಡಿಕೆ ಸುತ್ತುವವರ ಗತಿ ಏನು?

ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿಗೆ ಹೋದವರಿಗೆ ಮೊದಲು ಕೇಳಿಸುವುದು ವಿದ್ಯುತ್ ಮಗ್ಗಗಳ ಕಟಕಟ ಸದ್ದು. ಅಲ್ಲಿ ಎಷ್ಟೋ ಮಗ್ಗಗಳು ಮನೆಗೆ ಅಂಟಿಕೊಂಡೇ ಇವೆ. ಗಂಡಸರು ಮಗ್ಗ ನೋಡಿಕೊಂಡರೆ ಹೆಂಗಸರು ಲಾಳಿಗೆ ಬೇಕಾದ ಕಂಡಿಕೆ ಸುತ್ತುತ್ತಾರೆ. ನೂಲು ಮಾಲೀಕನದ್ದು, ಕೂಲಿ ಸೀರೆಗೆ ಇಂತಿಷ್ಟು.

ಬೀಡಿ ಕಟ್ಟಿ ಮನೆ ನಡೆಸಿದ ನಮ್ಮ ಉಮ್ಮಂದಿರಿಗೆ ಈ ಲೆಕ್ಕ ಹೊಸದಲ್ಲ. ಎಲೆ, ತಂಬಾಕು ಕಂಟ್ರಾಕ್ಟರನದ್ದು, ಬೆನ್ನುನೋವು ಮಾತ್ರ ನಮ್ಮದು.

ಕೈಮಗ್ಗ ಉಳಿಸಲೆಂದು ಕೇಂದ್ರ ಸರಕಾರ 1985ರಲ್ಲಿ ಮೀಸಲಾತಿ ಕಾಯ್ದೆ ತಂದಿತು. ಮೊದಲು 22 ಬಗೆಯ ಬಟ್ಟೆ ಕೈಮಗ್ಗಕ್ಕೇ ಎಂದಿತ್ತು, ನಂತರ ಅದು 11ಕ್ಕೆ ಇಳಿಯಿತು. ಆದರೂ ವಿದ್ಯುತ್ ಮಗ್ಗ ಬಂತು. ಯಾಕೆ? ಹೆಚ್ಚು ನೇಯ್ದವನಿಗೆ ಮಾತ್ರ ಊಟ ಎನ್ನುವ ಕೂಲಿ ಪದ್ಧತಿ ಕಾಯ್ದೆಗಿಂತ ಗಟ್ಟಿ.

ಈಗ ಮಾತು ಲಾಳಿಯೇ ಇಲ್ಲದ ರೇಪಿಯರ್ ಮಗ್ಗದ್ದು. ಅದು ಬೇಗ ನೇಯುತ್ತದೆ, ಒಬ್ಬನೇ ಹೆಚ್ಚು ಮಗ್ಗ ನೋಡಿಕೊಳ್ಳಬಹುದು. ಹೊಕ್ಕಿನ ನೂಲನ್ನು ನೇರ ಕೋನಿನಿಂದಲೇ ಎಳೆದುಕೊಳ್ಳುತ್ತದೆ. ಅಂದರೆ ಕಂಡಿಕೆ ಬೇಡ. ಕಂಡಿಕೆ ಬೇಡ ಅಂದರೆ ಮನೆಯ ಹೆಂಗಸರ ದುಡಿಮೆಯೂ ಬೇಡ. ಯಂತ್ರದ ಸಾಲದ ಅರ್ಜಿಯಲ್ಲಿ ಇದಕ್ಕೆ ಕಾಲಂ ಇರುವುದಿಲ್ಲ.

ಪಕ್ಕದ ಮುಧೋಳ, ಜಮಖಂಡಿ, ಬೀಳಗಿಯ ಕಬ್ಬಿನ ಗದ್ದೆಯಲ್ಲೂ ಇದೇ ಪಾಠ. ಕಟಾವು ಯಂತ್ರ ಓಡಬೇಕಾದರೆ ಸಾಲುಗಳ ನಡುವೆ ನಾಲ್ಕೈದು ಅಡಿ ಅಂತರ ಬೇಕು. ಹತ್ತಿರ ಹತ್ತಿರ ನೆಟ್ಟು ರೂಢಿಯಾದ ಸಣ್ಣ ರೈತ ನಾಟಿ ದಿನವೇ ಮನಸ್ಸು ಬದಲಿಸದಿದ್ದರೆ ಯಂತ್ರ ಬದುವಿನಲ್ಲೇ ನಿಲ್ಲುತ್ತದೆ. ಮುಂಗಡ ಪಡೆದು ಬರುವ ಕಟಾವು ಗುಂಪುಗಳ ಪ್ರಶ್ನೆ ಬೇರೆಯೇ ಇದೆ.

ಯಂತ್ರ ಬೇಡ ಎನ್ನುವುದು ನನ್ನ ವಾದವಲ್ಲ. 2023ರಲ್ಲಿ ರಾಜ್ಯ ಸರಕಾರ 10 ಅಶ್ವಶಕ್ತಿವರೆಗಿನ ಮಗ್ಗಗಳಿಗೆ ಉಚಿತ ವಿದ್ಯುತ್ ಘೋಷಿಸಿದ್ದು ಒಳ್ಳೆಯದೇ. ಆದರೆ ಆ ಲಾಭ ಮೊದಲು ಮೀಟರ್ ಯಾರ ಹೆಸರಲ್ಲಿದೆಯೋ ಅವರದ್ದು. ಕೂಲಿಯವನಿಗೆ ಅದರಲ್ಲಿ ಪಾಲೆಷ್ಟು?

ಹೊಸ ಮಗ್ಗ ಕೂರಿಸುವ ಮೊದಲು ಮೂರು ಮಾತು ತೀರ್ಮಾನವಾಗಲಿ: ವೇಗ ಹೆಚ್ಚಿದಾಗ ಸೀರೆಯ ಕೂಲಿ ಇಳಿಸುತ್ತೀರಾ? ಕಲಿಯುವ ದಿನಗಳ ಸಂಬಳ ಯಾರದ್ದು? ಕಂಡಿಕೆ ಸುತ್ತುತ್ತಿದ್ದವಳಿಗೆ ಯಾವ ಕೆಲಸ? ನೂಲು ಎಲ್ಲಿ ಕಡಿಯಿತು ಎಂದು ಸದ್ದಿನಲ್ಲೇ ತಿಳಿಯುವವರು ಆ ಮನೆಯವರು. ಅವರನ್ನು ಕೇಳದೆ ತಂದ ಯಂತ್ರಕ್ಕೆ ಧೂಳು ಹಿಡಿದರೆ ದೂರುವುದು ಯಾರನ್ನು?