ಸುಮೊ ಊಹೆಯ ಆಟಕ್ಕೆ ಎಂಟನೇ ಗೆಲುವಿನ ತೊಡಕು

ಜಪಾನಿನ ಸುಮೊ ಕುಸ್ತಿಯ ಫಲಿತಾಂಶವನ್ನು ಊಹಿಸುವ ಅಂತರ್ಜಾಲ ಆಟ ಹಣವಿಲ್ಲದೆ, ಬರೀ ಅಂಕಗಳ ಮೇಲೆ ನಡೆದರೂ ನಡೆಸುವವರಿಗೆ ಸುಲಭದ್ದಲ್ಲ. ವರ್ಷಕ್ಕೆ ಆರು ಪಂದ್ಯಾವಳಿ, ಒಂದೊಂದೂ 15 ದಿನ. ಮರುದಿನದ ಜೋಡಿಗಳು ಬಹುಪಾಲು ಹಿಂದಿನ ದಿನವಷ್ಟೇ ಪ್ರಕಟವಾಗುವುದರಿಂದ ಊಹೆಗಳನ್ನು ಸಂಗ್ರಹಿಸಲು ಹೆಚ್ಚು ಸಮಯ ಸಿಗದು. ಗಾಯಗೊಂಡ ಮಲ್ಲ ಹಿಂದೆ ಸರಿದರೆ ಎದುರಾಳಿಗೆ ಸೆಣಸದೆಯೇ ಜಯ. ಆ ಊಹೆಗೆ ಅಂಕ ಸಲ್ಲಬೇಕೆ? ನಿಯಮವನ್ನು ಮೊದಲೇ ಬರೆದಿಡದಿದ್ದರೆ ಜಗಳ ತಪ್ಪದು.

ನಿಜವಾದ ತೊಡಕು ಕೊನೆಯ ದಿನದ್ದು. ಎಂಟು ಗೆದ್ದವನಿಗೆ ಸಾಮಾನ್ಯವಾಗಿ ಬಡ್ತಿ, ಏಳಕ್ಕೆ ನಿಂತವನಿಗೆ ಹಿಂಬಡ್ತಿ. 14 ದಿನಗಳಲ್ಲಿ ಏಳು ಗೆದ್ದು ಏಳು ಸೋತವರು ಕಡೆಯ ಸೆಣಸಾಟವನ್ನು ನಿರೀಕ್ಷೆಗಿಂತ ಬಹಳ ಹೆಚ್ಚು ಬಾರಿ ಗೆಲ್ಲುತ್ತಿದ್ದುದನ್ನು ಅರ್ಥಶಾಸ್ತ್ರಜ್ಞರಾದ ಮಾರ್ಕ್ ಡಗ್ಗನ್ ಮತ್ತು ಸ್ಟೀವನ್ ಲೆವಿಟ್ 2002ರಲ್ಲಿ ಅಂಕಿಅಂಶಗಳಿಂದ ತೋರಿಸಿದರು. ಅದೇ ಜೋಡಿ ಮುಂದೆ ಎದುರಾದಾಗ ಆ ಗೆಲುವು ಕುಸಿಯುತ್ತಿತ್ತು. ಸಾಲ ತೀರಿಸಿದಂತೆ ಎನ್ನೋಣ.

2011ರಲ್ಲಿ ಮೊಬೈಲ್ ಸಂದೇಶಗಳಿಂದ ಕಳ್ಳಾಟ ಬಯಲಾಗಿ ಮಾರ್ಚ್ ತಿಂಗಳ ಒಸಾಕಾ ಪಂದ್ಯಾವಳಿಯೇ ರದ್ದಾಯಿತು. ಹಾಗೆ ನೋಡಿದರೆ, ಚುರುಕಾದ ಆಟಗಾರ ಕೊನೆಯ ದಿನ ಊಹಿಸುವುದು ಮಲ್ಲನ ಬಲವನ್ನಲ್ಲ, ಅವನ ಗರಜನ್ನು. ಆ ದಿನದ ಅಂಕಗಳನ್ನು ದುಪ್ಪಟ್ಟು ಮಾಡುವ ವ್ಯವಸ್ಥಾಪಕ ಬಹುಮಾನ ಕೊಡುವುದೂ ಈ ಲೆಕ್ಕಾಚಾರಕ್ಕೇ.